ಪದ ಪರಿಚಯ: ಯೂಸ್

ಮಧ್ಯಯುಗದ ಯೂರೋಪಿನ ಚಿತ್ರಾಲಂಕೃತ ಪ್ರಾರ್ಥನಾ ಪುಸ್ತಕಕ್ಕೆ ‘ಬುಕ್ ಆಫ್ ಅವರ್ಸ್’ ಎಂದು ಹೆಸರು. ಗ್ರಂಥಾಲಯದ ಸೂಚಿಯಲ್ಲಿ ಅದರ ಮುಂದೆ ‘ಯೂಸ್ ಆಫ್ ಪ್ಯಾರಿಸ್’, ‘ಯೂಸ್ ಆಫ್ ರೋಮ್’ ಎಂದು ಬರೆದಿರುತ್ತದೆ. ಇಲ್ಲಿ ಯೂಸ್ ಎಂದರೆ ಪರಿಪಾಠ: ಒಂದು ಧರ್ಮಪ್ರಾಂತ್ಯದಲ್ಲಿ ರೂಢಿಯಲ್ಲಿದ್ದ ಪ್ರಾರ್ಥನೆಯ ಪಾಠ.

ಪುಸ್ತಕದ ತಿರುಳು ಮಾತೆ ಮರಿಯಮ್ಮನ ಎಂಟು ಹೊತ್ತಿನ ಪ್ರಾರ್ಥನೆ. ಆಂಟಿಫನ್ ಎಂಬ ಪಲ್ಲವಿ, ಕ್ಯಾಪಿಟುಲಮ್ ಎಂಬ ಕಿರುವಾಚನ ಊರಿಂದೂರಿಗೆ ಬದಲಾಗುತ್ತವೆ. ಪ್ರೈಮ್ ಮತ್ತು ನೋನ್ ಎಂಬ ಎರಡು ಹೊತ್ತುಗಳಲ್ಲಿ ಇವೆರಡನ್ನೂ ನೋಡಬೇಕು; ಒಟ್ಟು ನಾಲ್ಕು ಗುರುತು. ಪ್ಯಾರಿಸ್ಸಿನವು: ಪ್ರೈಮ್‌ನಲ್ಲಿ ‘ಬೆನೆಡಿಕ್ಟಾ ತು’, ‘ಫೆಲಿಕ್ಸ್ ನಾಮ್ಕ್ವೆ’; ನೋನ್‌ನಲ್ಲಿ ‘ಸಿಕುತ್ ಲಿಲಿಯುಂ’, ‘ಪೆರ್ ತೆ ದೇಯಿ’. ರೋಮಿನವು: ‘ಅಸ್ಸುಂಪ್ತಾ ಎಸ್ತ್’, ‘ಕ್ವೇ ಎಸ್ತ್ ಇಸ್ತಾ’; ‘ಪುಲ್ಕ್ರಾ ಎಸ್’, ‘ಇನ್ ಪ್ಲಾತೇಯಿಸ್’. ‘ಪುಲ್ಕ್ರಾ ಎಸ್’ ಬೇರೆ ಊರುಗಳ ಪಾಠದಲ್ಲೂ ಸಿಗುವುದರಿಂದ ಒಂದೇ ಗುರುತು ನಂಬಿ ತೀರ್ಮಾನಿಸಬಾರದು.

ಈ ಎರಡು ಹೊತ್ತುಗಳನ್ನು ಹುಡುಕಲು ಚಿತ್ರಗಳೇ ದಾರಿ. ಸಾಮಾನ್ಯವಾಗಿ ಯೇಸುವಿನ ಜನನದ ಚಿತ್ರದಿಂದ ಪ್ರೈಮ್, ದೇವಾಲಯದಲ್ಲಿ ಶಿಶುವನ್ನು ಅರ್ಪಿಸುವ ಚಿತ್ರದಿಂದ ನೋನ್ ಶುರುವಾಗುತ್ತದೆ. ಚಿತ್ರದ ಹಾಳೆಯನ್ನು ಯಾರೋ ಕತ್ತರಿಸಿ ಒಯ್ದಿದ್ದರೂ ಕೈಚೆಲ್ಲಬೇಕಿಲ್ಲ. ಕೀರ್ತನೆಗಳಿಗೆ ಮೊದಲು ಪಲ್ಲವಿಯ ಎರಡು ಮೂರು ಪದ ಮಾತ್ರ ಇರುವುದುಂಟು. ಪೂರ್ತಿ ಪಲ್ಲವಿ ಬರುವುದು ಮೂರನೆಯ ಕೀರ್ತನೆ ಮುಗಿದ ಮೇಲೆ, ಅದರ ಬೆನ್ನಿಗೇ ಕಿರುವಾಚನ. ಹೊಸಬರು ಎಡವುವುದು ಅದೇ ಪುಸ್ತಕದಲ್ಲಿರುವ ಇನ್ನೊಂದು ಪ್ರಾರ್ಥನೆಯಾದ ಶಿಲುಬೆಯ ಪ್ರಾರ್ಥನೆಯಲ್ಲಿ. ಅಲ್ಲೂ ಪ್ರೈಮ್, ನೋನ್ ಎಂಬ ಕೆಂಪು ತಲೆಬರಹಗಳಿರುತ್ತವೆ. ಕೆಲವು ಪ್ರತಿಗಳಲ್ಲಿ ಅದನ್ನು ಮರಿಯಮ್ಮನ ಪ್ರಾರ್ಥನೆಯ ನಡುನಡುವೆಯೇ ಹೆಣೆದಿರುತ್ತಾರೆ.

ಯೂಸ್ ಹೇಳುವುದು ಓದುವವರ ರೂಢಿಯನ್ನು, ಬರೆದವರ ಊರನ್ನಲ್ಲ. ಫ್ಲಾಂಡರ್ಸ್‌ನ ಬ್ರೂಜ್ ನಗರದಲ್ಲಿ ಇಂಗ್ಲೆಂಡಿನ ಗಿರಾಕಿಗಳಿಗಾಗಿ ಸೇರಮ್, ಅಂದರೆ ಸಾಲ್ಸ್‌ಬರಿಯ, ಪಾಠದ ಪುಸ್ತಕಗಳು ಬಹಳಷ್ಟು ತಯಾರಾದವು. ಬ್ರಿಟಿಷ್ ಲೈಬ್ರರಿಯ ಬೆಡ್‌ಫರ್ಡ್ ಅವರ್ಸ್ ಇನ್ನೊಂದು ಬಗೆ: ಒಡೆಯ ಇಂಗ್ಲಿಷ್ ಡ್ಯೂಕ್, ಪಾಠ ಪ್ಯಾರಿಸ್ಸಿನದು, 1430ರಲ್ಲಿ ಅದು ಬಾಲಕ ದೊರೆ ಆರನೆಯ ಹೆನ್ರಿಯ ಕೈಸೇರಿತು.

ಹಾಗಾಗಿ ಪಂಚಾಂಗದ ಪುಟಗಳನ್ನೂ ಜೊತೆಗಿಟ್ಟು ನೋಡಬೇಕು. ಜನವರಿ 3ರ ಸಂತ ಜೆನೆವಿಯೆವ್, ಅಕ್ಟೋಬರ್ 9ರ ಸಂತ ಡೆನಿಸ್ ಹೆಸರುಗಳು ಚಿನ್ನದಲ್ಲೋ ಕೆಂಪಿನಲ್ಲೋ ಇದ್ದರೆ ಮುಖ ಪ್ಯಾರಿಸ್ ಕಡೆಗೆ. ರೋಮಿನ ಪಾಠವಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಅದು ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿತ್ತು.