ರೈಫಲ್ ಝೀರೋ ಎಷ್ಟು ದೂರಕ್ಕೆ? 100 ಯಾರ್ಡಾ, 200 ಯಾರ್ಡಾ?

ಅಮೆರಿಕದಲ್ಲಿದ್ದುಕೊಂಡು ಹಂಟರ್ ಎಜುಕೇಶನ್ ಕೋರ್ಸ್ ಮಾಡ್ತಿರೋರಿಗೆ ಈ ಟಿಪ್ಪಣಿ. ಇಂಡಿಯಾದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಹಾಗಾಗಿ ಉದಾಹರಣೆ ಎಲ್ಲಾ ಅಮೆರಿಕದ್ದೇ. ಝೀರೋ ದೂರ ಅಂದ್ರೆ ಗುರಿ ಇಟ್ಟ ಜಾಗಕ್ಕೇ ಸರಿಯಾಗಿ ಗುಂಡು ಬೀಳೋ ದೂರ.

ಗುಂಡು ನಳಿಗೆಯಿಂದ ಹೊರಗೆ ಬಂದು ಮೇಲಕ್ಕೆ ಏರುತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ನಳಿಗೆ ಎತ್ತ ಮುಖ ಮಾಡಿದ್ಯೋ ಆ ಗೆರೆಯಿಂದ ನೋಡಿದ್ರೆ ಗುಂಡು ಮೊದಲ ಕ್ಷಣದಿಂದ್ಲೇ ಬೀಳ್ತಾ ಇರುತ್ತೆ. ಆದ್ರೆ ಸ್ಕೋಪ್ (ಗುರಿ ನೋಡೋ ದುರ್ಬೀನು) ನಳಿಗೆಗಿಂತ ಸುಮಾರು ಒಂದೂವರೆ ಇಂಚು ಮೇಲೆ ಕೂತಿರುತ್ತಲ್ಲ, ಝೀರೋ ಮಾಡೋದು ಅಂದ್ರೆ ನಮ್ಮ ನೋಟದ ಗೆರೆಗೆ ನಳಿಗೆಯನ್ನ ಒಂಚೂರು ಮೇಲ್ಮುಖವಾಗಿ ಹೊಂದಿಸೋದು, ಅದಕ್ಕೇ ಗುಂಡು ಕೆಳಗಿಂದ ಬಂದು ನೋಟದ ಗೆರೆ ಒಂದ್ಸಲ ದಾಟುತ್ತೆ, ಸ್ವಲ್ಪ ದೂರ ಮೇಲೆ ಹೋಗುತ್ತೆ, ಆಮೇಲೆ ಇಳೀತಾ ಇನ್ನೊಂದ್ಸಲ ದಾಟುತ್ತೆ. ಸಾಮಾನ್ಯವಾಗಿ ಝೀರೋ ದೂರ ಅಂತ ಹೇಳೋದು ಈ ಎರಡನೇ ಸಲ ದಾಟೋ ಜಾಗಕ್ಕೆ.

ಈಗ ಲೆಕ್ಕ. ತುಂಬಾ ಜನ ಬಳಸೋ .308 ವಿಂಚೆಸ್ಟರ್ ತೋಟಾ ತಗೊಳ್ಳಿ, 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ನಳಿಗೆಯ ಮೂತಿಯಲ್ಲಿ ಸೆಕೆಂಡಿಗೆ 2820 ಅಡಿ ವೇಗ. 100 ಯಾರ್ಡ್‌ಗೆ ಝೀರೋ ಇಟ್ರೆ 200ರಲ್ಲಿ ಸುಮಾರು 4 ಇಂಚು ಕೆಳಗೆ, 300ರಲ್ಲಿ 14-15 ಇಂಚು ಕೆಳಗೆ. 200ಕ್ಕೆ ಇಟ್ರೆ 100ರಲ್ಲಿ ಸುಮಾರು 2 ಇಂಚು ಮೇಲೆ, 250ರಲ್ಲಿ ಮೂರೂವರೆ ಆಸುಪಾಸು ಕೆಳಗೆ, 300ರಲ್ಲಿ ಎಂಟೂವರೆ-ಒಂಬತ್ತು. ಅಂದ್ರೆ ಹತ್ತಿರದಲ್ಲಿ 2 ಇಂಚು ಬಿಟ್ಟುಕೊಟ್ಟು ದೂರದಲ್ಲಿ ಐದಾರು ಇಂಚು ಉಳಿಸ್ಕೊಳ್ತೀವಿ.

ಈ 2 ಇಂಚು ನಿಮಗೆ ಅಡ್ಡಿ ಮಾಡುತ್ತಾ ಇಲ್ವಾ ಅನ್ನೋದೇ ನಿಜವಾದ ಪ್ರಶ್ನೆ, ಅದಕ್ಕೆ ಉತ್ತರ ರೈಫಲ್‌ನಲ್ಲಿ ಇಲ್ಲ, ಪ್ರಾಣಿಯಲ್ಲಿ ಮತ್ತೆ ಜಾಗದಲ್ಲಿ ಇದೆ. ವೈಟ್‌ಟೇಲ್ ಜಿಂಕೆಯ ಹೃದಯ-ಶ್ವಾಸಕೋಶ ಇರೋ ಭಾಗ ಸುಮಾರು 8 ಇಂಚು ಅಗಲ ಅಂತ ಇಟ್ಕೊಳ್ಳಿ, ನಮ್ಮ ಕೈ ನಡುಕಕ್ಕೂ ಜಾಗ ಬೇಕಲ್ಲ, ಅದಕ್ಕೆ ಮೇಲೆ 3 ಕೆಳಗೆ 3 ಇಂಚು ಮಾತ್ರ ಗುಂಡಿನ ಪಾಲು ಅಂತ ಲೆಕ್ಕ ಹಾಕ್ತಾರೆ. ಆ ಮಿತಿ ದಾಟದೇ ನೇರ ಮಧ್ಯಕ್ಕೇ ಗುರಿ ಇಟ್ಟು ಎಷ್ಟು ದೂರ ಹೊಡೀಬಹುದೋ ಅದನ್ನೇ ಪಾಯಿಂಟ್ ಬ್ಲ್ಯಾಂಕ್ ರೇಂಜ್ ಅನ್ನೋದು, ಸಿನಿಮಾದಲ್ಲಿ ಹಣೆಗೆ ಗನ್ ಇಟ್ಟಾಗ ಹೇಳೋದು ಬೇರೆ. 200ರ ಝೀರೋದಲ್ಲಿ ಇದು ಹತ್ತತ್ರ 240 ಯಾರ್ಡ್ ತನಕ ಬರುತ್ತೆ.

ಪೆನ್ಸಿಲ್ವೇನಿಯಾದ ದಟ್ಟ ಕಾಡಲ್ಲಿ ಮರಗಳ ಮಧ್ಯೆ 100 ಯಾರ್ಡ್ ಕಾಣೋದೇ ಕಷ್ಟ, ಅಲ್ಲಿ 100ರ ಝೀರೋ ಆರಾಮ, 150ಕ್ಕೂ ಒಂದು-ಒಂದೂವರೆ ಇಂಚಷ್ಟೇ ಇಳಿಯುತ್ತೆ. ವ್ಯೋಮಿಂಗ್‌ನ ಬಯಲಲ್ಲಿ ಪ್ರಾಂಗ್‌ಹಾರ್ನ್ (ಜಿಂಕೆಯಂಥ ಪ್ರಾಣಿ) ಹುಡುಕೋರಿಗೆ 200 ಸರಿ, ಆದ್ರೆ ಅದು ಸಣ್ಣ ಪ್ರಾಣಿ, 3 ಇಂಚಿನ ಲೆಕ್ಕವನ್ನ ಇನ್ನೂ ಬಿಗಿ ಮಾಡ್ಕೊಬೇಕು. ಕಾಡಲ್ಲಿ ಕೂರೋನು 300 ಯಾರ್ಡ್ ಆಸೆಗೆ ಝೀರೋ ದೂರ ಇಟ್ಕೊಳ್ಳೋದು ನನ್ನ ಪ್ರಕಾರ ಸುಮ್ನೆ ಶೋಕಿ.

ಶೂಟಿಂಗ್ ರೇಂಜಲ್ಲಿ ಎಲ್ಲರೂ ಎಡವೋದು ಕ್ಲಿಕ್ ಲೆಕ್ಕದಲ್ಲಿ, ಅಂದ್ರೆ ಸ್ಕೋಪ್‌ನ ನಾಬ್ ಎಷ್ಟು ಹೆಜ್ಜೆ ತಿರುಗಿಸ್ಬೇಕು ಅನ್ನೋದ್ರಲ್ಲಿ. ಕಾಲು ಎಂಓಎ (ಕೋನದ ಅಳತೆ, 100 ಯಾರ್ಡ್‌ನಲ್ಲಿ ಸುಮಾರು 1 ಇಂಚು) ಸ್ಕೋಪ್‌ನಲ್ಲಿ ಒಂದು ಕ್ಲಿಕ್ ಅಂದ್ರೆ 100 ಯಾರ್ಡ್‌ನಲ್ಲಿ ಕಾಲು ಇಂಚು, 25ರಲ್ಲಿ ಅದರ ನಾಲ್ಕನೇ ಒಂದು ಭಾಗ. ಅಂದ್ರೆ 25ರಲ್ಲಿ ಗುಂಡು 1 ಇಂಚು ಕೆಳಗೆ ಬಿದ್ರೆ 4 ಅಲ್ಲ, 16 ಕ್ಲಿಕ್ ಮೇಲಕ್ಕೆ. ಮೊದ್ಲು 25ರಲ್ಲಿ ಗುಂಡು ಗುರಿ ಪೇಪರ್ ಮೇಲೆ ಬೀಳೋ ಹಾಗೆ ಮಾಡ್ಕೊಳ್ಳಿ, ಆಮೇಲೆ 100ಕ್ಕೆ ಹೋಗಿ 3 ಗುಂಡು ಹೊಡೆದು ಆ ಮೂರು ತೂತಿನ ಗ್ರೂಪಿನ ಮಧ್ಯ ನೋಡಿ ನಾಬ್ ತಿರುಗಿಸಿ, ಒಂದೊಂದು ಗುಂಡಿಗೂ ನಾಬ್ ತಿರುಗಿಸ್ತಾ ಕೂತ್ರೆ ಡಬ್ಬಿ ಖಾಲಿಯಾಗುತ್ತೆ ಅಷ್ಟೇ. ನಡುನಡುವೆ ನಳಿಗೆ ತಣ್ಣಗಾಗೋಕೆ ಬಿಡಿ. 200ರ ಝೀರೋ ಬೇಕು, ರೇಂಜ್ ಮಾತ್ರ 100 ಯಾರ್ಡೇ ಇದೆ ಅಂದ್ರೆ ಮೇಲಿನ ತೋಟಾಗೆ 100ರಲ್ಲಿ 2 ಇಂಚು ಮೇಲೆ ಬೀಳೋ ಹಾಗೆ ಇಡಬಹುದು, ಚಾನ್ಸ್ ಸಿಕ್ಕಾಗ 200ರಲ್ಲಿ ಒಮ್ಮೆ ಹೊಡೆದು ನೋಡ್ಲೇಬೇಕು. ಇನ್ನು 150 ಗ್ರೇನ್ ಬಿಟ್ಟು 180ಕ್ಕೆ ಹೋದ್ರೆ, ಅಥವಾ ಅದೇ ಗ್ರೇನ್‌ನಲ್ಲಿ ಬ್ರ್ಯಾಂಡ್ ಬದಲಾದ್ರೂ ಸರಿ, ಮತ್ತೆ ಮೊದಲಿಂದ ಝೀರೋ ಚೆಕ್ ಮಾಡಿ.