ಹತ್ತು ಸೆಕೆಂಡಿನೊಳಗೆ ಓಡದ ನಾಲ್ವರು, ಒಂದು ಬೆಳ್ಳಿ

2016ರ ಆಗಸ್ಟ್ 19, ರಿಯೊ ಒಲಿಂಪಿಕ್ಸ್. ಪುರುಷರ 4×100 ಮೀಟರ್ ರಿಲೇ ಫೈನಲ್‌ಗೆ ಮೊದಲು ತಂಡಗಳ ಪರಿಚಯ ನಡೆದಿತ್ತು. ಜಪಾನಿನ ನಾಲ್ವರು ಸಾಲಾಗಿ ನಿಂತು, ಒರೆಯಿಂದ ಕತ್ತಿ ಹಿರಿಯುವ ಹಾಗೆ ಕೈ ಬೀಸಿದರು. ರಿಯೋಟಾ ಯಮಗಾಟಾ, ಶೋಟಾ ಈಜುಕಾ, ಯೋಶಿಹಿಡೆ ಕಿರ್ಯು, ಆಸ್ಕಾ ಕೇಂಬ್ರಿಡ್ಜ್. ಆವತ್ತಿಗೆ ಇವರಲ್ಲಿ ಒಬ್ಬರೂ 100 ಮೀಟರನ್ನು 10 ಸೆಕೆಂಡಿನೊಳಗೆ ಓಡಿದವರಲ್ಲ. ಜಪಾನಿನ ಇತಿಹಾಸದಲ್ಲೇ ಆ ಗೆರೆ ದಾಟಿದವರು ಆಗಿನ್ನೂ ಯಾರೂ ಇರಲಿಲ್ಲ.

ಉಳಿದ ಲೇನ್‌ಗಳಲ್ಲಿ ಇದ್ದವರು ಯಾರು? ಜಮೈಕಾಗೆ ಉಸೇನ್ ಬೋಲ್ಟ್, ಯೋಹಾನ್ ಬ್ಲೇಕ್, ಅಸಾಫಾ ಪೊವೆಲ್. ಅಮೆರಿಕಕ್ಕೆ ಜಸ್ಟಿನ್ ಗ್ಯಾಟ್ಲಿನ್, ಟೈಸನ್ ಗೇ. ಓಟ ಮುಗಿದಾಗ ಜಮೈಕಾ 37.27 ಸೆಕೆಂಡ್, ಜಪಾನ್ 37.60. ಅಮೆರಿಕ ಜಪಾನಿಗಿಂತ 0.02 ಸೆಕೆಂಡ್ ಹಿಂದೆ ಬಂತು, ಆಮೇಲೆ ಅನರ್ಹವೂ ಆಯಿತು. ಕಂಚು ಕೆನಡಾ ಪಾಲಾಯಿತು.

ಕೊನೆಯ ಸಲ ಬ್ಯಾಟನ್ (ಓಟಗಾರರು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೊಳವೆ) ಕೈ ಬದಲಾಗುವಾಗ ಬೋಲ್ಟ್ ಮತ್ತು ಕೇಂಬ್ರಿಡ್ಜ್ ಹೆಚ್ಚುಕಡಿಮೆ ಜೊತೆಯಲ್ಲೇ ಇದ್ದರು. ಅಂದರೆ ಮೊದಲ 300 ಮೀಟರ್‌ನಲ್ಲಿ ಜಮೈಕಾದ ಮೊದಲ ಮೂವರಿಗೆ ಜಪಾನಿನ ಮೂವರು ಸರಿಸಮ ನಿಂತಿದ್ದರು. ಇದು ಹೇಗೆ ಸಾಧ್ಯ?

ಮೊದಲು ಒಂದು ಕೂಡುವ ಲೆಕ್ಕ. ಆ ಹೊತ್ತಿಗೆ ನಾಲ್ವರ ಅತ್ಯುತ್ತಮ 100 ಮೀಟರ್ ಸಮಯಗಳು: ಯಮಗಾಟಾ 10.05, ಈಜುಕಾ 10.22, ಕಿರ್ಯು 10.01, ಕೇಂಬ್ರಿಡ್ಜ್ 10.10. ಒಟ್ಟು 40.38 ಸೆಕೆಂಡ್. ಆದರೆ ಅವರು ರಿಲೇ ಮುಗಿಸಿದ್ದು 37.60ಕ್ಕೆ. 2.78 ಸೆಕೆಂಡ್ ಎಲ್ಲೋ ಉಳಿದಿದೆ!

ಈ ಉಳಿತಾಯದ ದೊಡ್ಡ ಪಾಲು ಎಲ್ಲ ತಂಡಗಳಿಗೂ ಸಿಗುತ್ತದೆ. 100 ಮೀಟರ್ ಓಟದಲ್ಲಿ ಜಾಸ್ತಿ ಸಮಯ ತಿನ್ನುವುದು ಶುರುವಿನ ಕೆಲವು ಮೀಟರ್‌ಗಳು. 2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್ 9.58ರ ವಿಶ್ವದಾಖಲೆ ಮಾಡಿದಾಗ ಮೊದಲ 20 ಮೀಟರ್‌ಗೆ ತೆಗೆದುಕೊಂಡದ್ದು 2.89 ಸೆಕೆಂಡ್. ಅದೇ ಬೋಲ್ಟ್ 60ರಿಂದ 80 ಮೀಟರ್‌ವರೆಗಿನ 20 ಮೀಟರ್ ದಾಟಿದ್ದು ಬರೀ 1.61 ಸೆಕೆಂಡಿನಲ್ಲಿ. ನಿಂತಲ್ಲಿಂದ ವೇಗ ಹಿಡಿಯುವುದಕ್ಕೆ ಅಷ್ಟು ಬೆಲೆ ತೆರಬೇಕು. ರಿಲೇಯಲ್ಲಿ ಈ ಬೆಲೆ ತೆರುವುದು ಮೊದಲನೆಯವನು ಮಾತ್ರ. ಉಳಿದ ಮೂವರು ಬ್ಯಾಟನ್ ಕೈಗೆ ಬರುವ ಮೊದಲೇ ಓಡಲು ಶುರು ಮಾಡಿರುತ್ತಾರೆ.

ಹಾಗಾದರೆ ಜಮೈಕಾಗೂ ಅಷ್ಟೇ ಲಾಭ ಸಿಗಬೇಕಿತ್ತು, ಅಲ್ವಾ? ಅವರ ನಾಲ್ವರ ಅತ್ಯುತ್ತಮ ಸಮಯಗಳನ್ನು ಕೂಡಿದರೆ 38.89. ಅದರಿಂದ 37.27 ಕಳೆದರೆ ಉಳಿತಾಯ 1.62 ಸೆಕೆಂಡ್ ಮಾತ್ರ. ಇದು ಪೂರ್ತಿ ನ್ಯಾಯವಾದ ಹೋಲಿಕೆಯಲ್ಲ ಎನ್ನುವುದನ್ನೂ ಹೇಳಬೇಕು. ಬೋಲ್ಟ್, ಪೊವೆಲ್, ಬ್ಲೇಕ್ ಅವರ ದಾಖಲೆಗಳು ವರ್ಷಗಳ ಹಿಂದಿನವು, ರಿಯೊದಲ್ಲಿ ಅವರ ಕಾಲು ಅಷ್ಟು ಚುರುಕಾಗಿರಲಿಲ್ಲ. ಆ ವರ್ಷದ ಸಮಯಗಳನ್ನೇ ಹಿಡಿದರೆ ಅಂತರ ಕುಗ್ಗುತ್ತದೆ. ಆದರೂ ಜಪಾನಿನ ಕಡೆಗೆ ಒಂದಿಷ್ಟು ಉಳಿದೇ ಉಳಿಯುತ್ತದೆ. ಆ ಒಂದಿಷ್ಟು ಬಂದದ್ದು ಬ್ಯಾಟನ್ ಕೈ ಬದಲಾಗುವ ಮೂರು ಜಾಗಗಳಿಂದ.

ರಿಲೇಯಲ್ಲಿ ನಿಜವಾಗಿ ಓಡುವುದು ಬ್ಯಾಟನ್. ಉದ್ದ 28ರಿಂದ 30 ಸೆಂಟಿಮೀಟರ್, ತೂಕ ಕನಿಷ್ಠ 50 ಗ್ರಾಂ ಇರುವ ಟೊಳ್ಳು ಕೊಳವೆ ಅದು. ಗಡಿಯಾರ ನಿಲ್ಲುವುದು ಕೊನೆಯ ಓಟಗಾರ ಗೆರೆ ಮುಟ್ಟಿದಾಗ, ನಿಜ. ಆದರೆ ಬ್ಯಾಟನ್ ಕೈ ಬದಲಾಗಬೇಕಾದ ವಲಯದ ಒಳಗಿದೆಯೋ ಹೊರಗಿದೆಯೋ ಎಂದು ನೋಡುವಾಗ ಲೆಕ್ಕಕ್ಕೆ ಬರುವುದು ಅದರ ಜಾಗ, ಓಟಗಾರನ ಕಾಲಿನದ್ದಲ್ಲ. ಬ್ಯಾಟನ್ನಿನ ಕಣ್ಣಿಂದ ನೋಡಿದರೆ ಇಡೀ ಆಟ ಸರಳ: ಒಂದು ಸಲ ವೇಗ ಹಿಡಿದ ಮೇಲೆ ಕೊನೆಯವರೆಗೂ ಆ ವೇಗ ಇಳಿಯಬಾರದು.

ಇಳಿಯುವುದು ಎಲ್ಲಿ? ಹಿಂದಿನಿಂದ ಬರುವವನು ಸೆಕೆಂಡಿಗೆ ಹತ್ತು ಮೀಟರ್‌ಗೂ ಜಾಸ್ತಿ ವೇಗದಲ್ಲಿ ಬರುತ್ತಾನೆ. ಮುಂದಿನವನು ನಿಂತಿದ್ದಾನೆ. ಹೊರಟ ಬಸ್ಸು ಹತ್ತುವವರು ಮೊದಲು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತಾರಲ್ಲ, ಇಲ್ಲೂ ಹಾಗೆಯೇ ಇಬ್ಬರ ವೇಗ ಒಂದಾಗಬೇಕು. ಆ ಕ್ಷಣದಲ್ಲೇ ಬ್ಯಾಟನ್ ದಾಟಬೇಕು.

ಇದಕ್ಕೆ ಓಟಗಾರರು ಟ್ರ್ಯಾಕಿನ ಮೇಲೆ ತಮ್ಮ ಲೇನ್‌ನಲ್ಲಿ ಒಂದು ಟೇಪ್ ಅಂಟಿಸುತ್ತಾರೆ. ನಿಯಮದ ಪ್ರಕಾರ ಒಬ್ಬನಿಗೆ ಒಂದೇ ಗುರುತು. ಎಲ್ಲಿ ಅಂಟಿಸಬೇಕೆಂದು ಅಳೆಯುವುದು ಶೂ ಹಿಂದೆ ಶೂ ಇಟ್ಟು ನಡೆದು. ಹಿಂದಿನವನು ಆ ಟೇಪ್ ದಾಟಿದ ಕೂಡಲೇ ಮುಂದಿನವನು ಪೂರ್ತಿ ಬಲ ಹಾಕಿ ಓಡಲು ಶುರು ಮಾಡುತ್ತಾನೆ. ಆಮೇಲೆ ಹಿಂದೆ ತಿರುಗಿ ನೋಡುವ ಹಾಗಿಲ್ಲ. ಕೂಗು ಕೇಳಿದಾಗ ಕೈ ಹಿಂದಕ್ಕೆ ಚಾಚಬೇಕು, ಅಷ್ಟೇ.

ಟೇಪ್ ಎಷ್ಟು ದೂರದಲ್ಲಿರಬೇಕು? ಸುಮಾರಾಗಿ ಲೆಕ್ಕ ಹಾಕೋಣ. ಮುಂದಿನವನು 25 ಮೀಟರ್ ಓಡಿದ ಮೇಲೆ ಬ್ಯಾಟನ್ ಪಡೆಯಬೇಕು ಎಂದಿಟ್ಟುಕೊಳ್ಳಿ. ನಿಂತಲ್ಲಿಂದ ಅಷ್ಟು ದೂರಕ್ಕೆ ಅವನಿಗೆ ಸುಮಾರು 3.3 ಸೆಕೆಂಡ್ ಬೇಕು. ಅಷ್ಟರಲ್ಲಿ ಹಿಂದಿನವನು 34 ಮೀಟರ್ ಬಂದಿರುತ್ತಾನೆ. ಬ್ಯಾಟನ್ ದಾಟುವಾಗ ಇಬ್ಬರ ನಡುವೆ ಸುಮಾರು ಒಂದು ಮೀಟರ್ ಅಂತರ ಇರುತ್ತದೆ, ಇಬ್ಬರೂ ಕೈ ಚಾಚಿರುತ್ತಾರಲ್ಲ. ಅಂದರೆ ಟೇಪ್ ಇರಬೇಕಾದದ್ದು ಮುಂದಿನವನು ನಿಂತ ಜಾಗದಿಂದ ಹತ್ತು ಮೀಟರ್ ಆಸುಪಾಸಿನಲ್ಲಿ.

ಈಗ ತಪ್ಪಿನ ಲೆಕ್ಕ ನೋಡಿ. ಮುಂದಿನವನು 0.1 ಸೆಕೆಂಡ್ ಮೊದಲೇ ಹೊರಟ ಅನ್ನಿ. ಅಷ್ಟರಿಂದಲೇ ಹಿಂದಿನವನು ಒಂದು ಮೀಟರ್ ದೂರ ಉಳಿಯುತ್ತಾನೆ. ಚಾಚಿದ ಕೈ ಮುಟ್ಟುವುದಿಲ್ಲ. 0.1 ಸೆಕೆಂಡ್ ತಡವಾಗಿ ಹೊರಟರೆ ಹಿಂದಿನವನು ಬೆನ್ನ ಮೇಲೇ ಬಂದುಬಿಡುತ್ತಾನೆ, ವೇಗ ಇಳಿಸಬೇಕಾಗುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಒಲಿಂಪಿಕ್ ಪದಕ ಹೋಗುತ್ತದೆ. ಗಾಳಿ, ಆಯಾಸ, ಸ್ಟೇಡಿಯಂನ ಗದ್ದಲ, ಎದೆಬಡಿತ ಎಲ್ಲವೂ ಈ 0.1ರ ಮೇಲೆ ಕೈ ಇಡುತ್ತವೆ. ನನಗಂತೂ ಇಡೀ ಅಥ್ಲೆಟಿಕ್ಸ್‌ನಲ್ಲಿ ಇದಕ್ಕಿಂತ ನಾಜೂಕಾದ ಕೆಲಸ ಕಾಣುವುದಿಲ್ಲ.

ಜಪಾನ್ ಇಲ್ಲಿ ಬೇರೆ ದಾರಿ ಹಿಡಿಯಿತು. ಹೆಚ್ಚಿನ ತಂಡಗಳಲ್ಲಿ ಪಡೆಯುವವನು ಕೈಯನ್ನು ಹಿಂದಕ್ಕೆ, ಹೆಚ್ಚುಕಡಿಮೆ ಭುಜದ ಎತ್ತರಕ್ಕೆ ಚಾಚುತ್ತಾನೆ. ಕೊಡುವವನು ಬ್ಯಾಟನ್ನನ್ನು ಅಂಗೈಗೆ ತಳ್ಳುತ್ತಾನೆ. ಇಬ್ಬರ ಕೈಯೂ ಪೂರ್ತಿ ಚಾಚಿರುವುದರಿಂದ ಆ ಅಂತರವನ್ನು ಯಾರೂ ಓಡಬೇಕಿಲ್ಲ, ಅದು ಬಿಟ್ಟಿ ಲಾಭ. ಆದರೆ ಕೈಯನ್ನು ಅಷ್ಟು ಎತ್ತಿ ಓಡುವಾಗ ಕೈಬೀಸು ಕೆಡುತ್ತದೆ. ಕೈಬೀಸು ಕೆಟ್ಟರೆ ಹೆಜ್ಜೆ ಕೆಡುತ್ತದೆ.

2001ರಿಂದ ಜಪಾನ್ ತಂಡ ಕೆಳಗಿನಿಂದ ಕೊಡುವ ಕ್ರಮಕ್ಕೆ ಬಂತು. ಪಡೆಯುವವನು ಕೈಯನ್ನು ಸೊಂಟದ ಹತ್ತಿರ ಇಟ್ಟು ಅಂಗೈ ಕೆಳಮುಖ ಮಾಡುತ್ತಾನೆ. ಕೊಡುವವನು ಓಟದ ಬೀಸಿನಲ್ಲೇ ಬ್ಯಾಟನ್ನನ್ನು ಕೆಳಗಿನಿಂದ ಮೇಲಕ್ಕೆ ಅಂಗೈಗೆ ಸೇರಿಸುತ್ತಾನೆ. ಇಬ್ಬರೂ ಓಡುವ ಭಂಗಿ ಬಿಡಬೇಕಿಲ್ಲ. ಬದಲಿಗೆ ಎರಡು ನಷ್ಟ. ಒಂದು, ಇಬ್ಬರೂ ಹತ್ತಿರ ಬರಬೇಕು, ಬಿಟ್ಟಿ ಲಾಭ ಕಡಿಮೆಯಾಗುತ್ತದೆ. ಇನ್ನೊಂದು ಸ್ವಲ್ಪ ಸೂಕ್ಷ್ಮ. ಕೆಳಗಿನಿಂದ ಕೊಟ್ಟಾಗ ಪಡೆಯುವವನ ಕೈ ಕೊಡುವವನ ಕೈಗೆ ತಗಲುವಷ್ಟು ಹತ್ತಿರ ಹಿಡಿಯಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಹಿಡಿತ ಮುಂದಕ್ಕೆ ಜರುಗಿ, ಕೊನೆಯವನಿಗೆ ಕೊಡುವಾಗ ಹಿಡಿಯಲು ಜಾಗವೇ ಇರುವುದಿಲ್ಲ. 30 ಸೆಂಟಿಮೀಟರ್ ಕೊಳವೆಯಲ್ಲಿ ನಾಲ್ಕು ಅಂಗೈಗಳಿಗೆ ಜಾಗ ಹೊಂದಿಸಬೇಕು! ರಿಯೊಗೆ ಬರುವ ಹೊತ್ತಿಗೆ ಅವರು ಇದನ್ನು ಇನ್ನೂ ತಿದ್ದಿ, ಕೈಯನ್ನು ಸ್ವಲ್ಪ ಹಿಂದಕ್ಕೆ ಚಾಚಿ, ಕಳೆದುಕೊಂಡ ಅಂತರವನ್ನು ಸ್ವಲ್ಪ ಮರಳಿ ಪಡೆದಿದ್ದರು.

ಕೆಳಗಿನಿಂದ ಕೊಟ್ಟರೆ ಪದಕ ಬರುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಜಮೈಕಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 36.84ರ ವಿಶ್ವದಾಖಲೆ ಮಾಡಿದ್ದು ಈ ಕ್ರಮದಿಂದಲ್ಲ. ನನ್ನ ಪ್ರಕಾರ ಜಪಾನಿನ ಗೆಲುವಿಗೆ ದೊಡ್ಡ ಕಾರಣ, ಬ್ಯಾಟನ್ ಕೊಡುವುದನ್ನೇ ಒಂದು ಪ್ರತ್ಯೇಕ ವಿದ್ಯೆಯಾಗಿ ಕಲಿತದ್ದು. ರಾಷ್ಟ್ರೀಯ ತಂಡ ಒಟ್ಟಿಗೆ ಸೇರಿ ಅಭ್ಯಾಸ ಮಾಡಿತು. ಪ್ರತಿ ಹಸ್ತಾಂತರವನ್ನೂ ವಿಡಿಯೊದಲ್ಲಿ ಅಳೆದು, ಬ್ಯಾಟನ್ ನಿಗದಿತ ದೂರ ದಾಟಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ, ಟೇಪಿನ ಜಾಗ ಸರಿಪಡಿಸಿತು.

ಅಮೆರಿಕದ ಕಥೆ ಇದಕ್ಕೆ ತದ್ವಿರುದ್ಧ. ಅವರ ಬಳಿ ವೇಗದ ಓಟಗಾರರಿಗೆ ಎಂದೂ ಕೊರತೆಯಿಲ್ಲ. ಆದರೆ ಪುರುಷರ ತಂಡ ಈ ಸ್ಪರ್ಧೆಯಲ್ಲಿ ಕೊನೆಯ ಸಲ ಒಲಿಂಪಿಕ್ ಚಿನ್ನ ಗೆದ್ದದ್ದು 2000ದಲ್ಲಿ, ಸಿಡ್ನಿಯಲ್ಲಿ. 2008ರಲ್ಲಿ ಹೀಟ್ಸ್‌ನಲ್ಲೇ (ಫೈನಲ್‌ಗೆ ಮುಂಚಿನ ಅರ್ಹತಾ ಸುತ್ತಿನಲ್ಲೇ) ಬ್ಯಾಟನ್ ಬಿತ್ತು. ರಿಯೊದಲ್ಲಿ ಮೈಕ್ ರಾಜರ್ಸ್ ಕೊಟ್ಟ ಬ್ಯಾಟನ್ನನ್ನು ಗ್ಯಾಟ್ಲಿನ್ ವಲಯ ಶುರುವಾಗುವ ಮೊದಲೇ ಮುಟ್ಟಿದರು, ತಂಡ ಅನರ್ಹವಾದದ್ದು ಇದಕ್ಕೇ.

ಜಪಾನಿಗೂ ಅದೇ 0.1 ಸೆಕೆಂಡ್ ಕಾದಿತ್ತು. 2017ರಲ್ಲಿ ಕಿರ್ಯು 9.98 ಓಡಿ ಜಪಾನಿನ ಮೊದಲ ‘10ರೊಳಗಿನ’ ಓಟಗಾರನಾದರು. 2019ರಲ್ಲಿ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡ 37.43 ಓಡಿ ಕಂಚು ಗೆದ್ದಿತು. ಕಾಲುಗಳೂ ವೇಗವಾಗಿದ್ದವು, ತವರಿನ ಒಲಿಂಪಿಕ್ಸ್ ಬಂದಿತ್ತು, ಕಣ್ಣು ಚಿನ್ನದ ಮೇಲಿತ್ತು. ಅಷ್ಟರಲ್ಲಿ ನಿಯಮವೂ ಬದಲಾಗಿ, 20 ಮೀಟರ್ ಇದ್ದ ಹಸ್ತಾಂತರ ವಲಯ 30 ಮೀಟರ್ ಆಗಿತ್ತು. 2021ರ ಆಗಸ್ಟ್ 6ರಂದು ಟೋಕಿಯೊ ಫೈನಲ್. ಮೊದಲ ಹಸ್ತಾಂತರದಲ್ಲಿ ಶುಹೇ ಟಾಡಾ ಕೈ ಚಾಚಿದರು, ಯಮಗಾಟಾ ಮುಂದಿದ್ದರು, ಬ್ಯಾಟನ್ ಮುಟ್ಟಲಿಲ್ಲ. 30 ಮೀಟರ್ ಮುಗಿದುಹೋಯಿತು. ಮೂರನೆಯ ಓಟಗಾರ ಕಿರ್ಯು ನಿಂತ ಜಾಗಕ್ಕೆ ಯಾರೂ ಬರಲಿಲ್ಲ. ರಿಯೊದಲ್ಲಿ ಬೆಳ್ಳಿ ತಂದುಕೊಟ್ಟ ಅದೇ ಲೆಕ್ಕದ ಇನ್ನೊಂದು ಅಂಚು ಇದು: ಹಸ್ತಾಂತರದ ವೇಗ ಹೆಚ್ಚಿಸಬೇಕೆಂದರೆ ಮುಂದಿನವನು ಬೇಗ ಹೊರಡಬೇಕು, ಬೇಗ ಹೊರಟಷ್ಟೂ ಕೈಗೆ ಸಿಗದೆ ಹೋಗುವ ಅಪಾಯ ಜಾಸ್ತಿ. ಆ ರಾತ್ರಿ 37.50 ಓಡಿ ಚಿನ್ನ ಗೆದ್ದದ್ದು ಇಟಲಿ.

2024ರ ಪ್ಯಾರಿಸ್‌ನಲ್ಲಿ ಅಮೆರಿಕ ಮತ್ತೆ ಮೊದಲ ಹಸ್ತಾಂತರದಲ್ಲೇ ಎಡವಿ ಅನರ್ಹವಾಯಿತು. ಕೆನಡಾ 37.50ಕ್ಕೆ ಚಿನ್ನ ಗೆದ್ದಿತು. ಜಪಾನ್ ಬ್ಯಾಟನ್ನನ್ನು ಕೊನೆಯವರೆಗೂ ತಂದು, 37.78ರಲ್ಲಿ ಐದನೆಯದಾಗಿ ಮುಗಿಸಿತು. ಕಂಚು ಗೆದ್ದ ಬ್ರಿಟನ್ನಿನ ಸಮಯ 37.61. ಹತ್ತು ಸೆಕೆಂಡಿನೊಳಗೆ ಓಡದ ಆ ನಾಲ್ವರು ಎಂಟು ವರ್ಷ ಮೊದಲು ರಿಯೊದಲ್ಲಿ ಓಡಿದ್ದು ಇದಕ್ಕಿಂತ 0.01 ಸೆಕೆಂಡ್ ಬೇಗ.