ಹೆರಿಗೆ ಕೋಣೆಯಲ್ಲಿ ರಕ್ತ ಅಳೆಯುವ ಕೆಲಸ

ಹೆರಿಗೆಯಾದ ಮೇಲೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವವೆಂದು ದಾಖಲಿಸುವುದು ಬಹುಕಾಲದಿಂದ ನಡೆದುಬಂದ ಕ್ರಮ. ಆದರೆ ಆ ಅಂಕಿ ಬಹುಪಾಲು ಕಣ್ಣಂದಾಜಿನದು. ಬಟ್ಟೆಗೆ, ಹತ್ತಿಗೆ, ಮೇಜಿನ ಕೆಳಗಿನ ಬಕೆಟ್ಟಿಗೆ ಹಂಚಿಹೋಗಿ, ಗರ್ಭನೀರಿನೊಂದಿಗೆ ಬೆರೆತ ರಕ್ತ ಎಷ್ಟೆಂದು ನೋಡಿ ಹೇಳುವುದು ನುರಿತವರಿಗೂ ಕಷ್ಟವಾದ್ದರಿಂದ, ಕೇಸ್‌ಶೀಟುಗಳಲ್ಲಿ 200, 250, 300 ಎಂಬ ದುಂಡು ಸಂಖ್ಯೆಗಳೇ ತುಂಬಿರುತ್ತವೆ. 480 ಎಂದೋ 530 ಎಂದೋ ಬರೆದದ್ದು ಕಂಡರೆ, ಅಲ್ಲಿ ಯಾರೋ ನಿಜವಾಗಿ ಅಳೆದಿದ್ದಾರೆಂದು ನಾನು ನಂಬುತ್ತೇನೆ.

ಅಳೆಯುವ ಸಾಧನದ ಚರಿತ್ರೆಯಲ್ಲಿ ಬೆಳಗಾವಿಗೆ ದೊಡ್ಡ ಪಾಲಿದೆ. ಮಗು ಹೊರಬಂದು ಗರ್ಭನೀರು ಹರಿದುಹೋದ ಮೇಲೆ ಬಾಣಂತಿಯ ಸೊಂಟದ ಕೆಳಗೆ ಹಾಸಿ, ಹೊಟ್ಟೆಯ ಸುತ್ತ ಕಟ್ಟುವ ಪ್ಲಾಸ್ಟಿಕ್ ಹಾಳೆ ಅದು. ಅದರ ಕೆಳತುದಿ ಆಲಿಕೆಯಂತೆ ಇಳಿದು, ಅಳತೆಯ ಗೆರೆಗಳಿರುವ ಚೀಲವಾಗುತ್ತದೆ. 2006ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಕಣ್ಣಂದಾಜು ಈ ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ ಇತ್ತು. ರಕ್ತಸ್ರಾವದ ಪ್ರಕರಣಗಳು ಚೀಲದಿಂದ ನಾಲ್ಕು ಪಟ್ಟು ಹೆಚ್ಚು ಪತ್ತೆಯಾದವು. ಅದೇ ವರ್ಷ ಪ್ರಕಟವಾದ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರೇ ಹೆರಿಗೆ ಮಾಡಿಸಿದ 1,620 ಮಹಿಳೆಯರ ಅಧ್ಯಯನ, ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯುವುದನ್ನು ತೋರಿಸಿತು. ಅಲ್ಲಿಯೂ ಅಳೆದದ್ದು ಇಂಥ ಚೀಲದಿಂದಲೇ. ಅಂದಾಜನ್ನೇ ನಂಬಿದ್ದರೆ ಆ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಇದರಿಂದ ಆಡಳಿತಗಾರರಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಅಳೆಯಲು ತೊಡಗಿದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ರಕ್ತಸ್ರಾವದ ಪ್ರಕರಣಗಳು ದಿಢೀರನೆ ಏರುತ್ತವೆ. ಅಳೆಯದ ಪಕ್ಕದ ತಾಲ್ಲೂಕಿನ ಆಸ್ಪತ್ರೆ ಅಚ್ಚುಕಟ್ಟಾಗಿ ಕಾಣುತ್ತದೆ. ಪರಿಶೀಲನಾ ಸಭೆಯಲ್ಲಿ ಮೊದಲನೆಯವರನ್ನು ನಿಲ್ಲಿಸಿ ಕಾರಣ ಕೇಳಿದರೆ, ಮುಂದಿನ ತಿಂಗಳಿನಿಂದ ಅವರೂ 300 ಎಂದೇ ಬರೆಯತೊಡಗುತ್ತಾರೆ.

ಸಾವುಗಳ ಲೆಕ್ಕ ಇದಕ್ಕಿಂತ ಗಟ್ಟಿಯಲ್ಲವೇ ಎಂದು ಕೇಳುವವರಿದ್ದಾರೆ. ರಾಜ್ಯದ ಮಟ್ಟದಲ್ಲಿ ಹೌದು: ಜನನ, ಮರಣಗಳನ್ನು ಲೆಕ್ಕಹಾಕುವ ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2018-20ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69, ದೇಶದಲ್ಲಿ 97 ತಾಯಂದಿರು ಸತ್ತಿದ್ದರು. ಆದರೆ ಕರ್ನಾಟಕದ ಈ ದರದಲ್ಲಿ ವರ್ಷಕ್ಕೆ 3,000 ಹೆರಿಗೆಗಳಾಗುವ ಆಸ್ಪತ್ರೆಯಲ್ಲಿ ನಿರೀಕ್ಷಿಸಬಹುದಾದ ಸಾವುಗಳು ಎರಡು. ಒಂದು ವರ್ಷ ಸೊನ್ನೆ, ಮರುವರ್ಷ ನಾಲ್ಕು ಎಂದಾಗುವುದು ಬರೀ ಆಕಸ್ಮಿಕವಿರಬಹುದು. ರಾಜ್ಯದ ಅಂಕಿಯನ್ನೇ ಮೂರು ವರ್ಷ ಕೂಡಿಸಿ ಕೊಡುವುದು ಸಂಖ್ಯೆ ಇಷ್ಟು ಚಿಕ್ಕದಾಗಿರುವುದರಿಂದ. ಸಾಲದ್ದಕ್ಕೆ, ತಾಲ್ಲೂಕಿನಿಂದ ತಡವಾಗಿ ರೆಫರ್ ಆಗಿ ಬಂದು ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡವಳ ಸಾವು ಜಿಲ್ಲಾಸ್ಪತ್ರೆಯ ಲೆಕ್ಕಕ್ಕೆ ಸೇರುತ್ತದೆ, ಮನೆಗೆ ಹೋದ ಮೇಲೆ, ಹೆರಿಗೆಯಾದ 42 ದಿನಗಳೊಳಗೆ ಸತ್ತವಳದ್ದು ಕೆಲವೊಮ್ಮೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಸಿಸೇರಿಯನ್ ಪ್ರಮಾಣದ ಬಗೆಗೂ ಇಷ್ಟೇ ಹೇಳಬಹುದು: ಚೊಚ್ಚಲು ಹೆರಿಗೆ, ಹಿಂದಿನ ಸಿಸೇರಿಯನ್, ಅವಳಿ ಎಂದು ರಾಬ್ಸನ್ ವರ್ಗೀಕರಣದ ಹತ್ತು ಗುಂಪುಗಳಾಗಿ ಬಿಡಿಸದ ಹೊರತು ಎರಡು ಆಸ್ಪತ್ರೆಗಳನ್ನು ಹೋಲಿಸಲಾಗದು.

ಹಾಗಾದರೆ ಹೆರಿಗೆ ಕೋಣೆಯನ್ನು ಯಾವುದರಿಂದ ತೂಗಬೇಕು? ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ, ಅಳತೆಯ ಚೀಲದ ಜೊತೆಗೆ ಗರ್ಭಕೋಶ ತಿಕ್ಕುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೇ ಆರಂಭಿಸಿದಾಗ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು, ಇವುಗಳ ಒಟ್ಟು ಪ್ರಮಾಣ ಎಂದಿನ ಆರೈಕೆ ಕೊಟ್ಟ ಆಸ್ಪತ್ರೆಗಳ ಶೇ. 4.3ರ ಬದಲು 1.6 ಇತ್ತು. ಆದ್ದರಿಂದ ವಾರ್ಡಿನ ಮಾಸಿಕ ವರದಿಯಲ್ಲಿ ನಾನು ಮೊದಲು ನೋಡುವುದು ಎರಡು ಕಾಲಂಗಳನ್ನು: ಎಷ್ಟು ಹೆರಿಗೆಗಳಲ್ಲಿ ರಕ್ತವನ್ನು ಅಳೆದು ಬರೆದಿದ್ದಾರೆ, ಮತ್ತು ಮಿತಿ ದಾಟಿದವರಲ್ಲಿ ಎಷ್ಟು ಜನರಿಗೆ ಹದಿನೈದು ನಿಮಿಷದೊಳಗೆ ಇವೆಲ್ಲವೂ ಸಿಕ್ಕಿವೆ. ಗಂಟೆ, ನಿಮಿಷ ಬರೆಯದ ಕೇಸ್‌ಶೀಟನ್ನು, ತಾಯಿ ಕ್ಷೇಮವಾಗಿ ಮನೆಗೆ ಹೋಗಿದ್ದರೂ, ಚಿಕಿತ್ಸೆ ಸಿಗದವರ ಲೆಕ್ಕಕ್ಕೆ ಸೇರಿಸುತ್ತೇನೆ.